ಬೀಟಾ ಪರೀಕ್ಷಕರಿಗೆ ಫೋಟೊ ಸರಿ ಕಾಣದಿದ್ದರೆ ಎಲ್ಲಿ ಹುಡುಕಬೇಕು?

ಪ್ರಶ್ನೆ: ಇಳಕಲ್ ಸೀರೆ ನೇಯುವವರು ತಾವೇ ಫೋಟೊ ಹಾಕಿ ಮಾರಲೆಂದು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ. ಬಿಡುಗಡೆಗೆ ಮೊದಲೇ ಬಳಸಿ ನೋಡುವ ಬೀಟಾ ಪರೀಕ್ಷಕರ ದೂರುಗಳು ಇವು: ಫೋಟೊ ಅಡ್ಡಲಾಗಿ ಬರುತ್ತದೆ, ಬಣ್ಣ ಮಂಕಾಗಿದೆ, ಸ್ಕ್ರಾಲ್ ಮಾಡುವಾಗ ಬೇರೆ ಸೀರೆ ಒಂದು ಕ್ಷಣ ಕಾಣುತ್ತದೆ, ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಫೋನಿನಲ್ಲಿ ಎಲ್ಲವೂ ಸರಿಯಿದೆ. ಅವರಿಗೆ ಏನೆಂದು ಉತ್ತರಿಸೋಣ?

ಉತ್ತರ: ‘ನಮ್ಮಲ್ಲಿ ಸರಿಯಿದೆ’ ಎಂದು ಮಾತ್ರ ಬರೆಯಬೇಡಿ, ಅಂಥ ಉತ್ತರ ಸಿಕ್ಕವರು ಮುಂದಿನ ದೋಷ ಕಂಡರೂ ಸುಮ್ಮನಿರುತ್ತಾರೆ. ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ತೊಂದರೆ ಕೊಟ್ಟ ಮೂಲ ಫೋಟೊ, ಈ ಮೂರನ್ನು ಕೇಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಲು ಹೇಳಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಎಕ್ಸಿಫ್ ಮಾಹಿತಿ (ಫೋಟೊ ಫೈಲಿನೊಳಗೆ ಕ್ಯಾಮೆರಾ ಬರೆದಿಡುವ ವಿವರಗಳು) ಕಳೆದುಕೊಂಡು ಬರುತ್ತದೆ. ಆಗ ನೀವು ಹುಡುಕುವ ದೋಷ ಆ ಫೈಲಿನಲ್ಲಿ ಸಿಗುವುದಿಲ್ಲ.

ಫೋನನ್ನು ನೆಟ್ಟಗೆ ಹಿಡಿದು ತೆಗೆದರೂ ಹಲವು ಕ್ಯಾಮೆರಾಗಳು ಚಿತ್ರವನ್ನು ಅಡ್ಡಲಾಗಿಯೇ ಉಳಿಸುತ್ತವೆ. ತೋರಿಸುವಾಗ ಎಷ್ಟು ತಿರುಗಿಸಬೇಕೆಂಬುದನ್ನು ಎಕ್ಸಿಫ್‌ನ ಓರಿಯೆಂಟೇಶನ್ ಅಂಕಿಯಲ್ಲಿ ಬರೆದಿಡುತ್ತವೆ. 6 ಇದ್ದರೆ ಬಲಕ್ಕೆ 90 ಡಿಗ್ರಿ, 8 ಇದ್ದರೆ ಎಡಕ್ಕೆ 90, 3 ಇದ್ದರೆ 180. ಚಿತ್ರದ ಫೈಲನ್ನು ಬಿಚ್ಚುವ ಆಂಡ್ರಾಯ್ಡ್‌ನ ಹಳೆಯ ಸಾಧನ ಬಿಟ್‌ಮ್ಯಾಪ್‌ಫ್ಯಾಕ್ಟರಿ ಈ ಅಂಕಿಯನ್ನು ನೋಡುವುದೇ ಇಲ್ಲ. ಆಂಡ್ರಾಯ್ಡ್ 9ರಲ್ಲಿ ಬಂದ ಇಮೇಜ್‌ಡಿಕೋಡರ್ ನೋಡುತ್ತದೆ. ಆ್ಯಪ್‌ಗಳಲ್ಲಿ ಫೋಟೊ ತೋರಿಸಲು ಬಳಸುವ ಗ್ಲೈಡ್, ಕಾಯಿಲ್ ಲೈಬ್ರರಿಗಳೂ ನೋಡುತ್ತವೆ. ಕೆಲವು ಫೋನ್‌ಗಳು ಪಿಕ್ಸೆಲ್‌ಗಳನ್ನೇ ತಿರುಗಿಸಿ ಉಳಿಸುತ್ತವೆ. ನಿಮ್ಮದು ಬಹುಶಃ ಅಂಥದ್ದು.

ಸರ್ವರ್ ಕಡೆಯೂ ನೋಡಿ. ಅಲ್ಲಿ ಫೋಟೊ ಕುಗ್ಗಿಸುವಾಗ ತಿರುಗಿಸದೆ ಎಕ್ಸಿಫ್ ಅಳಿಸಿದ್ದರೆ ಎಷ್ಟು ತಿರುಗಿಸಬೇಕೆಂದು ಆ್ಯಪ್‌ಗೆ ತಿಳಿಯುವ ದಾರಿಯೇ ಇರುವುದಿಲ್ಲ. ಮೊದಲು ತಿರುಗಿಸಿ, ಆಮೇಲೆ ಅಳಿಸಿ. (ಅಳಿಸುವುದಂತೂ ಬೇಕೇ ಬೇಕು: ನೇಕಾರರ ಮನೆ ಎಲ್ಲಿದೆ ಎಂಬುದೂ ಅದರಲ್ಲಿ ಇರಬಹುದು.)

ಬಣ್ಣ ಕೆಡುವುದೂ ಹೆಚ್ಚಾಗಿ ಇದೇ ಹಂತದಲ್ಲಿ. ಐಫೋನ್‌ನಲ್ಲಿ ತೆಗೆದ ಫೋಟೊಗೆ ಡಿಸ್‌ಪ್ಲೇ ಪಿ3 ಪ್ರೊಫೈಲ್ (ಬಣ್ಣದ ಅಂಕಿಗಳನ್ನು ಹೇಗೆ ಓದಬೇಕೆಂಬ ಸೂಚನೆ) ಇರುತ್ತದೆ. ಸಾಮಾನ್ಯ ಪರದೆಗಳ ಬಣ್ಣವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಪರಿವರ್ತಿಸದೆ ಪ್ರೊಫೈಲ್ ಕಿತ್ತರೆ ಸೆರಗಿನ ಕೆಂಪು ಮಂಕಾಗುತ್ತದೆ. ಪರೀಕ್ಷಕರು ಮೂಲ ಫೋಟೊವನ್ನು ಅದೇ ಫೋನಿನ ಗ್ಯಾಲರಿಯಲ್ಲಿ ತೆರೆದು ನೋಡಲಿ. ಅಲ್ಲಿಯೂ ಮಂಕಾಗಿದ್ದರೆ ತೊಂದರೆ ಪರದೆಯದ್ದೋ ಫೋಟೊದ್ದೋ ಇರಬೇಕು. ಅಲ್ಲಿ ಸರಿಯಿದ್ದರೆ ನಿಮ್ಮದು. ಬಣ್ಣ ನೋಡಿಯೇ ಸೀರೆ ಕೊಳ್ಳುವುದರಿಂದ ಇದನ್ನು ಸಣ್ಣ ದೋಷಗಳ ಪಟ್ಟಿಗೆ ಸೇರಿಸಬೇಡಿ.

ಆ್ಯಪ್ ಮುಚ್ಚಿಕೊಳ್ಳುವುದಕ್ಕೆ ಮೊದಲು ಮೆಮೊರಿಯನ್ನು ಅನುಮಾನಿಸಿ. ಫೈಲ್ 3 ಎಂಬಿ ಇದ್ದರೂ 4000×3000 ಪಿಕ್ಸೆಲ್‌ನ ಚಿತ್ರ ಬಿಚ್ಚಿಕೊಂಡಾಗ, ಪಿಕ್ಸೆಲ್‌ಗೆ 4 ಬೈಟ್‌ನಂತೆ, 48 ಎಂಬಿ ತಿನ್ನುತ್ತದೆ. ಇಂಥವು ಹತ್ತು ಒಟ್ಟಿಗೆ ತೆರೆದರೆ ಕಡಿಮೆ ರ‍್ಯಾಮ್ ಇರುವ ಫೋನ್ ತಡೆಯದು. 1080 ಪಿಕ್ಸೆಲ್ ಅಗಲದ ಪರದೆಯಲ್ಲಿ ಅಕ್ಕಪಕ್ಕ ಎರಡೆರಡಾಗಿ ತೋರಿಸಿದರೆ ಒಂದಕ್ಕೆ ಬೇಕಾಗುವುದು 540. ಇನ್‌ಸ್ಯಾಂಪಲ್‌ಸೈಜ್ (ಉದ್ದ, ಅಗಲಗಳನ್ನು ಎಷ್ಟರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಬಿಚ್ಚಬೇಕೆಂಬ ಅಂಕಿ) 4 ಇಟ್ಟರೆ 1000×750, ಅಂದರೆ 3 ಎಂಬಿ ಸಾಕು. 8ಕ್ಕೆ ಹೋಗಬೇಡಿ, ಅಗಲ 500ಕ್ಕೆ ಇಳಿದು ಸೀರೆಯ ಅಂಚು ಮಸುಕಾಗುತ್ತದೆ.

ಬೇರೆ ಸೀರೆ ಮಿಂಚುವುದು, ಸ್ಕ್ರಾಲ್ ಆಗುವ ಪಟ್ಟಿಯನ್ನು ತೋರಿಸುವ ರಿಸೈಕ್ಲರ್‌ವ್ಯೂ ಹಳೆಯ ಚೌಕವನ್ನೇ ಮರುಬಳಸುವುದರಿಂದ. ಹೊಸ ಫೋಟೊ ಕೇಳುವ ಮೊದಲು ಹಳೆಯ ಕೋರಿಕೆಯನ್ನು ರದ್ದು ಮಾಡಿ, ಚೌಕ ಖಾಲಿ ಮಾಡಿ.

ಸರಿಪಡಿಸಿದ ಮೇಲೆ ಪರೀಕ್ಷಕರಿಗೆ ಹೀಗೆ ಬರೆಯಿರಿ: ‘ನೀವು ಕಳಿಸಿದ ಫೋಟೊದಲ್ಲಿ ದೋಷ ನಮಗೂ ಕಂಡಿತು. ಹೊಸ ಬಿಲ್ಡ್‌ನಲ್ಲಿ ಸರಿಪಡಿಸಿದ್ದೇವೆ. ಅದೇ ಫೋಟೊ ಮತ್ತೆ ಹಾಕಿ ನೋಡಿ.’ ಬಿಲ್ಡ್ ಸಂಖ್ಯೆಯನ್ನೂ ಸೇರಿಸಿ. ಅದಕ್ಕೂ ಮೊದಲು ಕ್ಯಾಶ್ ಕೀ (ಫೋನಿನಲ್ಲಿ ಉಳಿಸಿಟ್ಟ ಚಿತ್ರವನ್ನು ಆ್ಯಪ್ ಗುರುತಿಸುವ ಹೆಸರು) ಬದಲಿಸಿರಿ. ಇಲ್ಲದಿದ್ದರೆ ಫೋನಿನಲ್ಲಿ ಉಳಿದ ಹಳೆಯ ಚಿತ್ರವೇ ಮತ್ತೆ ಕಂಡು, ‘ಏನೂ ಸರಿಹೋಗಿಲ್ಲ’ ಎಂಬ ದೂರು ಬರುತ್ತದೆ.