ಹುಣ್ಣು ಕ್ಲೀನ್ ಮಾಡುವ ಮುಂಚೆ ಕ್ರೀಮ್ ಹಚ್ಚಬಹುದಾ?

ಪ್ರಶ್ನೆ: ಅಮ್ಮನ ಕಾಲಲ್ಲಿ ವಾಸಿಯಾಗದ ಹುಣ್ಣಿದೆ. ಸತ್ತ ಚರ್ಮ ಕೆರೆದು ತೆಗೆಯುವಾಗ ಮಂಚದ ಕಂಬಿ ಹಿಡಿದು ಅಳುತ್ತಾರೆ. ಮರಗಟ್ಟಿಸುವ ಕ್ರೀಮ್ ಹಚ್ಚಬಹುದಾ?

ಉತ್ತರ: ಹಚ್ಚಬಹುದು, ಆದರೆ ಡಾಕ್ಟರ್ ಅಥವಾ ನರ್ಸ್ ಹಚ್ಚಲಿ. ಲಿಡೊಕೇನ್, ಪ್ರಿಲೊಕೇನ್ ಎಂಬ ಮರಗಟ್ಟಿಸುವ ಔಷಧಿಗಳು ತಲಾ ಶೇ. 2.5ರಷ್ಟಿರುವ ಕ್ರೀಮನ್ನು ಹುಣ್ಣಿನ ಮೇಲೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ 30ರಿಂದ 60 ನಿಮಿಷ ಬಿಡುತ್ತಾರೆ. ಐದೇ ನಿಮಿಷಕ್ಕೆ ಕೆರೆಯಲು ಶುರು ಮಾಡಿದರೆ ಹಚ್ಚಿದ್ದು ಸುಮ್ನೆ ದಂಡ, ಅವಸರ ಬೇಡ ಅಂತ ನೀವೇ ಬಾಯಿಬಿಟ್ಟು ಹೇಳಿ. ಕ್ರೀಮ್ ಒರೆಸಿ ತೆಗೆದ ಮೇಲೆ ಮಾತ್ರ ಕೆರೆಯಲು ತಡ ಮಾಡಬಾರದು. ಮೊದಲು ಸ್ವಲ್ಪ ಉರಿಯಬಹುದು, ಸುತ್ತಲಿನ ಚರ್ಮ ಬಿಳಿಚಿಕೊಳ್ಳಬಹುದು, ಗಾಬರಿಯಾಗಬೇಡಿ. ತೆರೆದ ಗಾಯದಿಂದ ಔಷಧಿ ರಕ್ತಕ್ಕೆ ಜಾಸ್ತಿ ಸೇರುತ್ತದೆ ಅಲ್ವಾ, ಅದಕ್ಕೇ ಮನೆಯಲ್ಲಿ ಮನಸ್ಸಿಗೆ ಬಂದಷ್ಟು ಬಳಿಯಬೇಡಿ. ತುಟಿ ನೀಲಿಯಾದರೆ, ತಲೆ ಸುತ್ತಿದರೆ ತಕ್ಷಣ ಡಾಕ್ಟರಿಗೆ ತಿಳಿಸಿ.