ಹಾಳು ಮನೆಯಲ್ಲಿ ಮೆಟಲ್ ಡಿಟೆಕ್ಟರ್ ಕೂಗಿದರೆ

ಪ್ರಶ್ನೆ: ಮಧುಗಿರಿ ತಾಲ್ಲೂಕಿನಲ್ಲಿ ನಮ್ಮ ಮುತ್ತಾತನ ಕಾಲದ ಮನೆಯ ಜಾಗವಿದೆ. ಪ್ಲೇಗ್ ಬಂದಾಗ ಊರಿಗೆ ಊರೇ ಎದ್ದು ಆಚೆ ಹೋಯಿತಂತೆ. ಈಗ ಉಳಿದಿರುವುದು ಗೋಡೆಯ ಮಣ್ಣು, ಒಂದು ಒರಳುಕಲ್ಲು. ಖಾತೆ ನಮ್ಮ ಹೆಸರಲ್ಲೇ ಇದೆ. ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿದೆ ಸರ್, ಇಟ್ಟ ಕಡೆಯೆಲ್ಲ ಕೂಗುತ್ತದೆ. ಕೆಳಗೆ ಏನಾದರೂ ಇದೆಯೇ? ಅಗೆಯಬಹುದೇ?

ಉತ್ತರ: ಇಟ್ಟ ಕಡೆಯೆಲ್ಲ ಕೂಗುತ್ತಿದ್ದರೆ ಅದು ಬಹುಶಃ ನಿಮ್ಮ ಮಣ್ಣನ್ನು ಕಂಡೇ ಕೂಗುತ್ತಿದೆ. ಮಧುಗಿರಿ, ಚನ್ನರಾಯನದುರ್ಗದ ಸುತ್ತಿನ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಕಪ್ಪು ಮರಳನ್ನು ನೋಡಿರುತ್ತೀರಿ. ಅಯಸ್ಕಾಂತ ಆಡಿಸಿದರೆ ಮೀಸೆಯಂತೆ ಅಂಟಿಕೊಳ್ಳುತ್ತದೆ. 1800ರಲ್ಲಿ ಈ ಸೀಮೆಯಲ್ಲಿ ಓಡಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಜನ ಅದೇ ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕುಲುಮೆ ಇದ್ದ ಊರಾದರೆ ಮಣ್ಣಲ್ಲಿ ಕಿಟ್ಟದ ಚೂರುಗಳೂ ಬೆರೆತಿರುತ್ತವೆ. ಡಿಟೆಕ್ಟರಿನ ತಟ್ಟೆಯಲ್ಲಿರುವ ತಂತಿಸುರುಳಿ ನೆಲದೊಳಕ್ಕೆ ಕಾಂತಕ್ಷೇತ್ರ ಬಿಡುತ್ತದೆ, ಲೋಹವಿದ್ದಲ್ಲಿ ಅದು ಕದಡುತ್ತದೆ, ಆ ಕದಡಿಕೆಯನ್ನೇ ಯಂತ್ರ ಸದ್ದಾಗಿ ಕೇಳಿಸುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಮಣ್ಣೂ ಅದನ್ನು ಕದಡಬಲ್ಲದು. ಹಾಗಾಗಿ ಮೊದಲು ಲೋಹವಿಲ್ಲದ ಜಾಗ ಹುಡುಕಿ, ತಟ್ಟೆಯನ್ನು ನೆಲದ ಹತ್ತಿರಕ್ಕೂ ಮೇಲಕ್ಕೂ ಆಡಿಸುತ್ತ, ಸದ್ದು ಏರಿಳಿಯದಂತಾಗುವವರೆಗೆ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದನ್ನು ಅಡಗಿಸುವ ಹೊಂದಾಣಿಕೆ) ಹೊಂದಿಸಿ. ಸೆನ್ಸಿಟಿವಿಟಿಯನ್ನೂ ಇಳಿಸಿ. ಆಮೇಲೂ ಎರಡು ದಿಕ್ಕಿನಿಂದ ಬೀಸಿದಾಗ ಒಂದೇ ಜಾಗದಲ್ಲಿ ಕೂಗಿದರೆ ಮಾತ್ರ ಅದನ್ನು ನಂಬಿ.

ಚಿನ್ನದ ಆಸೆ ಬಿಡಿ ಎಂದರೆ ಬೇಸರವಾದೀತು, ಆದರೂ ಹೇಳಲೇಬೇಕು. ಒಕ್ಕಲು ಮನೆಯ ಜಾಗದಲ್ಲಿ ಹೆಚ್ಚಾಗಿ ಸಿಗುವುದು ಎತ್ತಿನ ಲಾಳ, ಗಾಡಿಯ ಕಡಾಣಿ, ಸವೆದ ಕುಡುಗೋಲು, ಬಾಗಿಲ ಚಿಲಕ, ಗೆಜ್ಜೆ, ಸುಣ್ಣದ ಡಬ್ಬಿ, ವಿಕ್ಟೋರಿಯಾ ರಾಣಿಯ ಕಾಲಾಣೆ. ಪ್ಲೇಗಿಗೆ ಊರು ಬಿಟ್ಟವರು ಒಡವೆ ಬಿಟ್ಟು ಹೋಗಲಿಲ್ಲ. ಬಿದ್ದುಹೋದದ್ದು, ಬೇಡವಾದದ್ದು ಉಳಿದಿದೆ. ಅದು ಇರುವುದೂ ನಡುಮನೆಯಲ್ಲಲ್ಲ. ಜಗಲಿಯ ಮುಂದೆ, ಬಚ್ಚಲ ನೀರು ಹರಿದು ಹೋಗುತ್ತಿದ್ದ ಕಡೆ, ತಿಪ್ಪೆಯ ಜಾಗದಲ್ಲಿ, ಬಾವಿಯ ದಾರಿಯಲ್ಲಿ ನೋಡಿ. ನನ್ನ ಕಣ್ಣಿಗೆ ಒಂದು ಮನೆಯ ಬದುಕು ಕಾಣುವುದು ಕೂಡ ಈ ಸಾಮಾನುಗಳಲ್ಲೇ.

ಅಗೆಯುವ ಮುನ್ನ ಹಗೇವಿನ ವಿಚಾರ. ಯಂತ್ರ ಅದನ್ನು ತೋರಿಸುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ರಾಗಿ ತುಂಬಿಡುತ್ತಿದ್ದ ಈ ನೆಲದಡಿಯ ಕಣಜಗಳು ನಿಮ್ಮ ಕಡೆಯ ಹಳೇ ಊರುಗಳಲ್ಲಿ ಸಾಮಾನ್ಯ. ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆದಿರುತ್ತಾರೆ. ನೆಲ ಟೊಳ್ಳು ಸದ್ದು ಕೊಟ್ಟರೆ ಹಿಂದೆ ಸರಿಯಿರಿ. ಚಪ್ಪಡಿ ಕುಸಿಯಬಹುದು, ಅದಕ್ಕಿಂತ ಹೆಚ್ಚಾಗಿ ಒಳಗಿನ ಕೆಟ್ಟ ಗಾಳಿ ಇಳಿದವರ ಜೀವ ತೆಗೆಯುತ್ತದೆ. ನಿಧಿ ಇದೆಯೆಂದು ಯಾರೇ ಹುರಿದುಂಬಿಸಿದರೂ ಒಳಗೆ ಇಳಿಯಬೇಡಿ.

ಇನ್ನು ಕಾನೂನು. ಖಾತೆ ನಿಮ್ಮದಾದ ಮಾತ್ರಕ್ಕೆ ನೆಲದಡಿ ಹುದುಗಿದ್ದೆಲ್ಲ ನಿಮ್ಮದಾಗುವುದಿಲ್ಲ. ಬ್ರಿಟಿಷರ 1878ರ ನಿಧಿ ಕಾಯ್ದೆ ಹತ್ತು ರೂಪಾಯಿ ಮೀರಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆ ಇದೆ. ಬೆಲೆಬಾಳುವುದು ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ಅಪರಾಧ. ಇದಲ್ಲದೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಕಲಾವಸ್ತುಗಳು ಪ್ರಾಚ್ಯವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ನನ್ನ ಸಲಹೆ ಇಷ್ಟು: ಮೇಲೆ ಸಡಿಲವಾಗಿ ಬಿದ್ದಿರುವ ಮಣ್ಣಲ್ಲಿ ಮಾತ್ರ ಹುಡುಕಿ. ಸಾರಿಸಿದ ಹಳೇ ನೆಲ, ಬೂದಿಯ ಪದರ, ಮಡಕೆ ಚೂರು ಒಟ್ಟಿಗೆ ಕಂಡರೆ ಗುದ್ದಲಿ ಕೆಳಗಿಡಿ. ಫೋಟೊ ತೆಗೆದು, ಎಷ್ಟು ಆಳದಲ್ಲಿ, ಯಾವುದರ ಪಕ್ಕ ಇತ್ತೆಂದು ಬರೆದು, ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಕಿತ್ತು ತಂದ ನಾಣ್ಯ ತನ್ನ ಮೇಲಿನ ಅಕ್ಷರ ಬಿಟ್ಟು ಬೇರೇನನ್ನೂ ಹೇಳಲಾರದು.

ಪ್ರಶ್ನೆ: ಕೋಲಾರದ ಹತ್ತಿರ ಹಳೇ ಮನೆ ಕೆಡವಿದಾಗ ಆನೆ ಇರುವ ತಾಮ್ರದ ಕಾಸು ಸಿಕ್ಕಿತು. ಟಿಪ್ಪುವಿನದೇ? ಹುಣಸೆಹಣ್ಣು ಹಾಕಿ ಉಜ್ಜಲೇ?

ಉತ್ತರ: ದಯವಿಟ್ಟು ಉಜ್ಜಬೇಡಿ. ಹುಣಸೆ, ನಿಂಬೆ, ಸಬೀನ ಯಾವುದೂ ಬೇಡ. ತಾಮ್ರದ ಮೇಲಿನ ಗಟ್ಟಿ ಹಸಿರು ಪದರ ಅಕ್ಷರಗಳನ್ನು ಕಾಪಾಡುತ್ತಿರುತ್ತದೆ, ಹುಳಿ ಅದರ ಜೊತೆ ಅಕ್ಷರವನ್ನೂ ತಿಂದುಬಿಡುತ್ತದೆ. ಒಣಗಿಸಿ ಕಾಗದದಲ್ಲಿ ಸುತ್ತಿಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಅದು ಒಳಗಿಂದ ಕೊಳೆಯುತ್ತಿದೆ ಎಂದರ್ಥ. ಬೇರೆ ನಾಣ್ಯಗಳಿಂದ ದೂರ ಇಟ್ಟು, ತಿಳಿದವರಿಗೆ ತೋರಿಸಿ.

ಆನೆ ಕಂಡ ಕೂಡಲೇ ಟಿಪ್ಪು ಎನ್ನಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಆನೆ ಇದೆ. ಆನೆಯ ಮೇಲೆ ಸೂರ್ಯ, ಚಂದ್ರರಿದ್ದು ನಡುವೆ ‘ಶ್ರೀ’ ಕಂಡರೆ ಒಡೆಯರದು. ಟಿಪ್ಪುವಿನದಾದರೆ ಹಿಂಬದಿಯಲ್ಲಿ ಟಂಕಸಾಲೆಯ ಊರಿನ ಹೆಸರು ಪರ್ಷಿಯನ್ ಲಿಪಿಯಲ್ಲಿರುತ್ತದೆ. ಬೆಲೆ ಕೇಳಿಲ್ಲ, ಒಳ್ಳೆಯದು. ಎರಡೂ ಬಗೆಯವು ಸಾಕಷ್ಟು ಸಿಗುತ್ತವೆ, ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತುಗಳನ್ನು ನಂಬಬೇಡಿ.

ಪ್ರಶ್ನೆ: ಗುಡಿಬಂಡೆ ಕಡೆಯ ನಮ್ಮೂರಿನ ವೀರಗಲ್ಲಿನ ಕೆಳಗೆ ಇಪ್ಪತ್ತು ಅಡಿಯಲ್ಲಿ ಚಿನ್ನವಿದೆ ಎಂದು ‘ಗೋಲ್ಡ್ ಸ್ಕ್ಯಾನರ್’ ತಂದವರೊಬ್ಬರು ಹೇಳುತ್ತಿದ್ದಾರೆ. ಮುಂಗಡ ಕೇಳಿದ್ದಾರೆ.

ಉತ್ತರ: ಕೊಡಬೇಡಿ. ಸಾಮಾನ್ಯ ಡಿಟೆಕ್ಟರ್ ಒಂದು ನಾಣ್ಯವನ್ನು ಗುರುತಿಸುವುದು ಹೆಚ್ಚೆಂದರೆ ಗೇಣು ಆಳದಲ್ಲಿ. ದೊಡ್ಡ ಪೆಟ್ಟಿಗೆಯಾದರೆ ಇನ್ನಷ್ಟು ಕೆಳಗೆ. ಇಪ್ಪತ್ತು ಅಡಿ ಕೆಳಗಿರುವುದು ಚಿನ್ನವೋ ಹಿತ್ತಾಳೆಯೋ ಎಂದು ಕೈಯಲ್ಲಿ ಹಿಡಿದು ಹೇಳುವ ಯಂತ್ರ ಇಲ್ಲ. ವೀರಗಲ್ಲು ನಿಲ್ಲಿಸಿದ್ದು ತುರು ಕಾಯುವಾಗಲೋ ಊರು ಕಾಯುವಾಗಲೋ ಸತ್ತವನ ನೆನಪಿಗೆ, ಹಣದ ಗುರುತಿಗಲ್ಲ. ಇಂಥ ಮಾತು ಕೇಳಿ ಎಷ್ಟೋ ಊರುಗಳಲ್ಲಿ ಕಲ್ಲು ಉರುಳಿಸಿ, ಗುಡಿಯ ನಂದಿ ಒಡೆದು ಹೋಗಿದ್ದಾರೆ. ಆತ ಮತ್ತೆ ಬಂದರೆ ಗಾಡಿ ನಂಬರು ಬರೆದುಕೊಂಡು 112ಕ್ಕೆ ಫೋನ್ ಮಾಡಿ, ಗ್ರಾಮ ಪಂಚಾಯಿತಿಗೂ ತಿಳಿಸಿ. ಕಲ್ಲಿನ ನಾಲ್ಕೂ ಬದಿಯ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ. ನಾಳೆ ಅದು ಕಾಣೆಯಾದರೆ ಪೊಲೀಸರು ಮೊದಲು ಕೇಳುವುದು ಅದನ್ನೇ.