ವೀಸಾ ಇದ್ದರೆ ಹೇಳಿ ಅಣ್ಣ

ತಮ್ಮ,

ನಿನ್ನ ಮೆಸೇಜು ಎರಡು ಸಲ ಓದಿದೆ. ಮೆಕ್ಯಾನಿಕಲ್ ಡಿಪ್ಲೊಮಾ, ಇಪ್ಪತ್ತೈದು ವರ್ಷ, ಮಂಗಳೂರಿನ ವರ್ಕ್‌ಶಾಪಿನಲ್ಲಿ ಎರಡೂವರೆ ವರ್ಷದ ಕೆಲಸ. ಜರ್ಮನಿಗೆ ಗ್ಯಾರಂಟಿ ವರ್ಕ್ ಪರ್ಮಿಟ್ ಮಾಡಿಸಿಕೊಡ್ತೇನೆ ಅಂತ ಏಜೆಂಟ್ ಒಬ್ಬ ನಾಲ್ಕು ಲಕ್ಷ ಕೇಳಿದ್ದಾನೆ. ಕೊನೆಗೆ ಒಂದು ಸಾಲು: "ಅಲ್ಲಿ ಎಲ್ಲಾದರೂ ಒಂದು ವೀಸಾ ಇದ್ದರೆ ಹೇಳಿ ಅಣ್ಣ."

ಅದನ್ನು ಓದಿ ನಗು ಬಂತು, ಬೇಜಾರು ಮಾಡ್ಕೋಬೇಡ. ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆ ವೀಸಾ ಅಂದರೆ ದುಬೈಯಿಂದ ಯಾರೋ ಕಳಿಸಿಕೊಡುವ ವಸ್ತು ಅಂತಲೇ ನಾವೆಲ್ಲ ಕೇಳಿ ಬೆಳೆದವರು. ಪಕ್ಕದ ಮನೆಯ ಹುಡುಗನಿಗೆ ಮಾವ ವೀಸಾ ಕಳಿಸಿದ, ಮುಂದಿನ ತಿಂಗಳು ಅವನು ಹೊರಟೇಬಿಟ್ಟ. ಗಲ್ಫಿನಲ್ಲಿ ಕರೆಸಿಕೊಳ್ಳುವವರೇ ವೀಸಾ ತೆಗೆಯುತ್ತಾರೆ, ಹಾಗಾಗಿ ಆ ಮಾತು ಅಲ್ಲಿಗೆ ಸರಿ. ಇಲ್ಲಿ ಜರ್ಮನಿಯಲ್ಲಿ ಯಾರ ಹತ್ತಿರವೂ ವೀಸಾ ಇರುವುದಿಲ್ಲ. ನನ್ನ ಹತ್ತಿರ ಇಲ್ಲ, ನಿನ್ನ ಏಜೆಂಟನ ಹತ್ತಿರವೂ ಇಲ್ಲ. ನಿನ್ನ ಓದು, ವಯಸ್ಸು, ಅನುಭವ, ಭಾಷೆ ನೋಡಿ ಕಾನ್ಸುಲೇಟಿನವರು ಕೊಡಬೇಕು.

ಇದನ್ನು ನಾನು ಅರುವತ್ತು ಸಾವಿರ ಕೊಟ್ಟು ಕಲಿತೆ. 2013ರಲ್ಲಿ ಮಂಗಳೂರಿನ ಒಬ್ಬ ಏಜೆಂಟನಿಗೆ ಅಡ್ವಾನ್ಸ್ ಕೊಟ್ಟಿದ್ದೆ. ಅಪ್ಪ ಅಡಿಕೆ ಮಾರಿದ ದುಡ್ಡು. ರಸೀದಿಯಲ್ಲಿ 'ಕನ್ಸಲ್ಟೇಶನ್ ಚಾರ್ಜ್' ಅಂತ ಮಾತ್ರ ಇತ್ತು, ವೀಸಾದ ಸುದ್ದಿಯೇ ಇಲ್ಲ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಆಫೀಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ನೋಂದಣಿ ಇರುವ ರಿಕ್ರೂಟಿಂಗ್ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅವನ ಹೆಸರು ಇದೆಯೋ ಇಲ್ಲವೋ ಅಂತ ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಈಗಲೇ ನೋಡು. ನಾಲ್ಕು ಲಕ್ಷದ ಮಾತು ಅಲ್ಲಿಗೇ ಮುಗಿಯಬಹುದು.

ಈಗ ನಿನ್ನ ವಿಷಯ. 2024ರ ಜೂನ್ 1ರಿಂದ ಜರ್ಮನಿಯಲ್ಲಿ 'ಶಾನ್ಸನ್‌ಕಾರ್ಟೆ' ಅಂತ ಒಂದು ಬಂದಿದೆ, ಇಂಗ್ಲಿಷಿನಲ್ಲಿ ಆಪರ್ಚುನಿಟಿ ಕಾರ್ಡ್. ಕೈಯಲ್ಲಿ ಕೆಲಸ ಇಲ್ಲದಿದ್ದರೂ ಬಂದು ಒಂದು ವರ್ಷ ಹುಡುಕಬಹುದು. ಕನಿಷ್ಠ ಎರಡು ವರ್ಷದ, ಸರಕಾರದ ಮಾನ್ಯತೆ ಇರುವ ತರಬೇತಿ ಆಗಿರಬೇಕು. ನಿನ್ನ ಡಿಪ್ಲೊಮಾಕ್ಕೆ ಆ ಮಾನ್ಯತೆ ಇದೆ ಅಂತ ಜರ್ಮನಿಯ ಝಡ್‌ಎಬಿ ಎಂಬ ಕಚೇರಿಯಿಂದ ಒಂದು ಕಾಗದ ತರಿಸಬೇಕು. ಆಮೇಲೆ ಆರು ಪಾಯಿಂಟು ಬೇಕು. ಮೂವತ್ತೈದು ದಾಟಿಲ್ಲ, ಅದಕ್ಕೆ ಎರಡು. ಕಳೆದ ಐದು ವರ್ಷದಲ್ಲಿ ಓದಿದ್ದಕ್ಕೆ ಸಂಬಂಧಪಟ್ಟ ಎರಡು ವರ್ಷದ ಅನುಭವ, ಅದಕ್ಕೆ ಎರಡು. ನಾಲ್ಕಾಯ್ತು ನೋಡು, ಏಜೆಂಟಿಗೆ ಒಂದು ಪೈಸೆ ಕೊಡದೆ. ಉಳಿದ ಎರಡು ಜರ್ಮನ್ ಭಾಷೆಯಿಂದ ಬರಬೇಕು: ಮಧ್ಯಮ ಮಟ್ಟದ ಬಿ-1 ಪರೀಕ್ಷೆ ಪಾಸಾದರೆ ಎರಡೂ ಸಿಗುತ್ತವೆ. ಅದರ ಕೆಳಗಿನ ಎ-2ಗೆ ಒಂದೇ, ಆಗ ಇಂಗ್ಲಿಷಿನಲ್ಲಿ ಮೇಲಿನ ಮಟ್ಟದ ಸಿ-1 ತಂದು ಸರಿದೂಗಿಸಬೇಕು.

ದುಡ್ಡಿನ ಲೆಕ್ಕ ಕೇಳಿ ಹೆದರಬೇಡ. 2025ರ ಪ್ರಕಾರ ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸಬೇಕು. ಹದಿಮೂರು ಲಕ್ಷದ ಹತ್ತಿರ ಅಂದ್ಕೋ. ಅಷ್ಟು ಹೊಂದಿಸುವುದು ಸುಲಭ ಅಲ್ಲ. ಆದರೆ ಅದು ನಿನ್ನದೇ ದುಡ್ಡು, ಬಂದ ಮೇಲೆ ತಿಂಗಳು ತಿಂಗಳು ನಿನಗೇ ಸಿಗುತ್ತದೆ. ವಾರಕ್ಕೆ ಇಪ್ಪತ್ತು ಗಂಟೆ ಪಾರ್ಟ್ ಟೈಮ್ ಕೆಲಸವನ್ನೂ ಮಾಡಬಹುದು. ಒಂದು ವರ್ಷದೊಳಗೆ ಸರಿಯಾದ ಕೆಲಸ ಸಿಗದಿದ್ದರೆ ವಾಪಸ್ ಹೋಗಬೇಕು, ಇದನ್ನು ಮನೆಯಲ್ಲಿ ಈಗಲೇ ಹೇಳಿಬಿಡು.

ದುಡ್ಡು ಅಷ್ಟು ಆಗದಿದ್ದರೆ ಔಸ್‌ಬಿಲ್ಡುಂಗ್ ನೋಡು. ಕಂಪನಿಯಲ್ಲಿ ಕೆಲಸ, ಜೊತೆಗೆ ಶಾಲೆ, ಸುಮಾರು ಮೂರು ವರ್ಷ. ತಿಂಗಳಿಗೆ ಸಾವಿರ ಯೂರೊ ಆಸುಪಾಸು ಕೊಡುತ್ತಾರೆ. ಡಿಪ್ಲೊಮಾ ಮಾಡಿದವನು ಮತ್ತೆ ಟ್ರೈನಿ ಆಗಬೇಕಾ ಅಂತ ಅನ್ನಿಸಬಹುದು. ನನ್ನ ಕೇಳಿದರೆ ನಿನ್ನಂಥವನಿಗೆ ಇದೇ ಗಟ್ಟಿ ದಾರಿ. ಅದಕ್ಕೂ ಬಿ-1 ಬೇಕೇ ಬೇಕು.

ಹಾಗಾಗಿ ಭಾಷೆ. ಮನೆಯಲ್ಲಿ ಹವ್ಯಕ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡಿ ಬೆಳೆದವರಿಗೆ ಇನ್ನೊಂದು ಭಾಷೆ ದೊಡ್ಡದಾ ಮಾರಾಯ? ಜರ್ಮನಿನಲ್ಲಿ ಹುಡುಗಿ ಅನ್ನುವ ಶಬ್ದ ನಪುಂಸಕ ಲಿಂಗ. ಕ್ಲಾಸಿನಲ್ಲಿ ಎಲ್ಲರೂ ತಲೆ ಕೆರೆದುಕೊಂಡರು, ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಹವ್ಯಕದಲ್ಲಿ 'ಅಕ್ಕ ಬಂತು' ಅಂತಲೇ ಹೇಳುವುದು ಅಲ್ವಾ? ಕಲಿಯಲಿಕ್ಕೆ ಕೋಝಿಕ್ಕೋಡಿನಲ್ಲಿ ನೋರ್ಕಾದ ಭಾಷಾ ಕೇಂದ್ರ ಇದೆ, ಕೇರಳ ಸರಕಾರದ್ದು. ನಾವು ಎಲ್ಲದಕ್ಕೂ ಮಂಗಳೂರಿನ ಕಡೆ ಮುಖ ಮಾಡಿ, ರೇಷನ್ ಕಾರ್ಡು ಕೇರಳದ್ದು ಅನ್ನುವುದನ್ನೇ ಮರೆಯುತ್ತೇವೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೂ ಕಲಿಯಬಹುದು, ಪರೀಕ್ಷೆಯೂ ಅಲ್ಲಿದೆ. ವೀಸಾಕ್ಕೆ ನಮಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ.

ಬೇರೆ ದೇಶದ್ದೂ ಕೇಳಿದ್ದೀಯ. ಇಂಗ್ಲೆಂಡಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಎರಡು ವರ್ಷದ್ದು, 18ರಿಂದ 30ರವರಿಗೆ, ಲಾಟರಿಯಲ್ಲಿ ಹೆಸರು ಬರಬೇಕು. ಹೆಸರು ಹಾಕಲು ದುಡ್ಡಿಲ್ಲ, ಆದರೆ ಡಿಗ್ರಿ ಬೇಕು. ನಿನಗಾಗದು, ಬಿಎಸ್ಸಿ ಮುಗಿಸಿದ ನಿನ್ನ ತಂಗಿಗೆ ಹೇಳು. ಆಸ್ಟ್ರೇಲಿಯಾದ ವರ್ಕ್ ಆ್ಯಂಡ್ ಹಾಲಿಡೇ ವೀಸಾವೂ ಲಾಟರಿಯೇ, ಇಡೀ ಭಾರತಕ್ಕೆ ವರ್ಷಕ್ಕೆ ಬರೀ 1,000. ಹಾಕಬೇಕಿದ್ದರೆ ಹಾಕು, ಅದನ್ನೇ ನಂಬಿ ಕೂರಬೇಡ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ನಿನ್ನ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರು ಹೇಗಿದೆ? ನನ್ನದರಲ್ಲಿ ಹೆಸರಿನ ಹಿಂದೆ ಒಂದು 'ಕೆ.' ಇತ್ತು. ಅದು ಮನೆಯ ಹೆಸರೋ ಊರಿನ ಹೆಸರೋ ಅಪ್ಪನಿಗೂ ಗೊತ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಆ 'ಕೆ.'ಯನ್ನು ಬಿಡಿಸಿ ಬರೆಸಿದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅದು ಹೋಗಿ ಭಟ್ ಬಂತು. ನಾನೊಬ್ಬನೇ ಕಾಗದದಲ್ಲಿ ಮೂರು ಜನ ಆದೆ. ಅಫಿಡವಿಟ್ಟು, ನೋಟರಿ ಅಂತ ಕಾಸರಗೋಡಿಗೆ ಓಡಾಡಿ ಎರಡು ತಿಂಗಳು ಹೋಯ್ತು. ಇಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಕೇಳುತ್ತಾರೆ.

ಭಾನುವಾರ ಇಲ್ಲಿ ಅಂಗಡಿಗಳೆಲ್ಲ ಬಂದ್, ನಾನು ಮನೆಯಲ್ಲೇ ಇರುತ್ತೇನೆ. ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಪುಸ್ತಕ, ಡಿಪ್ಲೊಮಾ ಮೂರನ್ನೂ ಎದುರಿಗೆ ಇಟ್ಟುಕೊಂಡು ಸಂಜೆ ಫೋನ್ ಮಾಡು.